ಕೊಟ್ಟ ದುಡ್ಡು ಮತ್ತು ಕೋರ್ಟಿನ ಬಾಗಿಲು

2012ರಲ್ಲಿ ಗ್ರೀಸ್ ದೇಶದಲ್ಲಿ ನಡೆದದ್ದರಿಂದ ಶುರು ಮಾಡ್ತೀನಿ. ಗ್ರೀಸ್ ಸರ್ಕಾರ ಆಗ ಸಾಲದಲ್ಲಿ ಕುತ್ತಿಗೆವರೆಗೂ ಮುಳುಗಿತ್ತು. ಅದು ಮಾರಿದ್ದ ಬಾಂಡುಗಳಲ್ಲಿ, ಅಂದ್ರೆ ಸಾಲಪತ್ರಗಳಲ್ಲಿ, ಎರಡು ಥರ ಇದ್ವು. ಬಹುಪಾಲು, ಅಂದ್ರೆ ಸುಮಾರು 17,700 ಕೋಟಿ ಯೂರೊ ಮೌಲ್ಯದ್ದು, ಗ್ರೀಸಿನದೇ ಕಾನೂನಿನ ಪ್ರಕಾರ ಬರೆದ ಬಾಂಡುಗಳು. ಇನ್ನೊಂದು ಸಣ್ಣ ಪಾಲು ವಿದೇಶಿ ಕಾನೂನಿನ ಪ್ರಕಾರ, ಅದರಲ್ಲೂ ಹೆಚ್ಚಾಗಿ ಇಂಗ್ಲಿಷ್ ಕಾನೂನಿನ ಪ್ರಕಾರ ಬರೆದದ್ದು. ಫೆಬ್ರವರಿ ತಿಂಗಳಲ್ಲಿ ಗ್ರೀಸ್ ಪಾರ್ಲಿಮೆಂಟು ಒಂದು ಕಾಯ್ದೆ ಪಾಸು ಮಾಡ್ತು. ನಮ್ಮ ಕಾನೂನಿನ ಬಾಂಡ್ ಇಟ್ಕೊಂಡಿರೋರಲ್ಲಿ ಇಂತಿಷ್ಟು ಜನ ಒಪ್ಪಿದ್ರೆ ಉಳಿದೋರೂ ಒಪ್ಪಿದ ಹಾಗೇ ಲೆಕ್ಕ, ಅಂತ. ಬಾಂಡ್ ಮಾರುವಾಗ ಈ ಷರತ್ತು ಇರಲೇ ಇಲ್ಲ, ಆಮೇಲೆ ತಂದು ಸೇರಿಸಿದ್ದು! ಅಸಲಿನಲ್ಲಿ ನೂರಕ್ಕೆ ಐವತ್ತಮೂರುವರೆ ಹೋಯ್ತು, ಒಪ್ಪದೇ ಇದ್ದೋರದ್ದೂ ಹೋಯ್ತು. ವಿದೇಶಿ ಕಾನೂನಿನ ಬಾಂಡ್ ಇಟ್ಕೊಂಡೋರ ಮೇಲೆ ಮಾತ್ರ ಈ ಕಾಯ್ದೆ ನಡೀಲಿಲ್ಲ, ಯಾಕಂದ್ರೆ ಲಂಡನ್ನಿನ ಕಾನೂನನ್ನ ಅಥೆನ್ಸಿನಲ್ಲಿ ಕೂತು ತಿದ್ದೋಕಾಗಲ್ಲ. ಅವರಲ್ಲಿ ಕೆಲವರು ಜಪ್ಪಯ್ಯ ಅಂದ್ರೂ ಒಪ್ಪಲಿಲ್ಲ. ಮೇ 15ನೇ ತಾರೀಖು ಅಂಥ ಒಂದು ಬಾಂಡಿನ ಅವಧಿ ಮುಗೀತು, ಗ್ರೀಸ್ ಸರ್ಕಾರ ಸುಮಾರು 43 ಕೋಟಿ ಯೂರೊ ಪೂರ್ತಿ ಎಣಿಸಿ ಕೊಡ್ತು.

ಸಾಲಗಾರ ಒಬ್ಬನೇ, ಖಜಾನೆ ಒಂದೇ, ಬರಗಾಲವೂ ಒಂದೇ. ಒಬ್ಬನಿಗೆ ಅರ್ಧಕ್ಕಿಂತ ಹೆಚ್ಚು ನಾಮ, ಇನ್ನೊಬ್ಬನಿಗೆ ಪೂರ್ತಿ ದುಡ್ಡು. ವ್ಯತ್ಯಾಸ ಇದ್ದದ್ದು ದಸ್ತಾವೇಜಿನಲ್ಲಿ, ಈ ಬಾಂಡಿಗೆ ಇಂಥಾ ಕಾನೂನು ಅನ್ವಯಿಸುತ್ತೆ ಅಂತ ಬರೆದಿದ್ದ ಒಂದು ಸಾಲಿನಲ್ಲಿ. ಇನ್ನೊಂದು ತಮಾಷೆ ಕೇಳಿ, ಅರ್ಧ ಕಳ್ಕೊಂಡೋರಿಗೆ ಬದಲಿಗೆ ಕೊಟ್ಟ ಹೊಸ ಬಾಂಡುಗಳಿದ್ವಲ್ಲ, ಅವನ್ನ ಇಂಗ್ಲಿಷ್ ಕಾನೂನಿನ ಪ್ರಕಾರ ಬರೆದರು. ಒಂದು ಸಲ ಸುಟ್ಕೊಂಡೋರು ಮತ್ತೆ ಅದೇ ಬೆಂಕಿಗೆ ಕೈ ಇಡಲ್ವಲ್ಲ.

ನಾವು ಹಣಕಾಸು ವ್ಯವಸ್ಥೆ ಅಂದ ತಕ್ಷಣ ಬ್ಯಾಂಕು, ಷೇರು ಮಾರ್ಕೆಟ್ಟು, ಬಡ್ಡಿ ದರ ಇಂಥವನ್ನ ನೆನೆಸ್ಕೋತೀವಿ. ನಾನು ಇವತ್ತು ಅದರ ಕೆಳಗಡೆ ಇರೋ ಪದರದ ಬಗ್ಗೆ ಮಾತಾಡ್ತೀನಿ. ಷೇರಾಗ್ಲಿ ಬಾಂಡಾಗ್ಲಿ ಒಂದು ಮಾತು ಅಷ್ಟೇ, ಮುಂದೆ ಕೊಡ್ತೀನಿ ಅನ್ನೋ ಮಾತು. ಆ ಮಾತು ತಪ್ಪಿದಾಗ ದುಡ್ಡು ಕೊಟ್ಟೋನು ಯಾರ ಬಾಗಿಲು ತಟ್ಟಬೇಕು, ಒಳಗಿರೋನು ಬಾಗಿಲು ತೆಗೀತಾನಾ, ತೆಗೆದ್ರೂ ಎಷ್ಟು ವರ್ಷಕ್ಕೆ ತೆಗೀತಾನೆ, ಇದು ಪ್ರಶ್ನೆ. ದೇಶದಿಂದ ದೇಶಕ್ಕೆ ಇದಕ್ಕೆ ಉತ್ತರ ಬೇರೆ ಬೇರೆ, ಉತ್ತರ ಬೇರೆ ಆದಾಗ ದುಡ್ಡು ಹರಿಯೋ ದಾರಿನೂ ಬೇರೆ ಆಗುತ್ತೆ.

ಕಾನೂನಿನ ಪರಂಪರೆಗಳಲ್ಲಿ ಎರಡು ದೊಡ್ಡ ಮನೆತನ ಅಂತಾರೆ, ಕಾಮನ್ ಲಾ ಮತ್ತು ಸಿವಿಲ್ ಲಾ. ಇಲ್ಲೊಂದು ಗೊಂದಲ ಮೊದಲೇ ಬಿಡಿಸಿಬಿಡ್ತೀನಿ, ಸಿವಿಲ್ ಕೇಸು ಕ್ರಿಮಿನಲ್ ಕೇಸು ಅಂತೀವಲ್ಲ, ಆ ಸಿವಿಲ್ ಅಲ್ಲ ಇದು. ಇದು ರೋಮನ್ ಕಾನೂನಿನಿಂದ ಬಂದದ್ದು. ಇಲ್ಲಿ ಕಾನೂನು ಅಂದ್ರೆ ಒಂದು ಸಂಹಿತೆ, ಕೋಡು, ಜಡ್ಜ್ ಅದನ್ನ ಓದಿ ಅನ್ವಯಿಸಬೇಕು. ಫ್ರಾನ್ಸಿನಲ್ಲಿ ನೆಪೋಲಿಯನ್ 1804ರಲ್ಲಿ ಸಿವಿಲ್ ಕೋಡ್ ತಂದ, 1807ರಲ್ಲಿ ವ್ಯಾಪಾರಕ್ಕೆ ಬೇರೆ ಕೋಡು. ಜರ್ಮನಿಯದ್ದು 1900ರ ಜನವರಿ 1ಕ್ಕೆ ಜಾರಿಗೆ ಬಂತು. ಇಂಗ್ಲೆಂಡಿನ ಕಾಮನ್ ಲಾದಲ್ಲಿ ಹಾಗಲ್ಲ, ಅಲ್ಲಿ ಹಿಂದಿನ ತೀರ್ಪೇ ಮುಂದಿನ ಕಾನೂನು, ಒಂದೊಂದೇ ಕೇಸು ಸೇರಿ ಸೇರಿ ಬೆಳೆದದ್ದು. ಪುಸ್ತಕದಲ್ಲಿ ಹೀಗೆ ಹೇಳಿದ್ರೆ ಒಣಗಿದ ಹಾಗಿರುತ್ತೆ, ಅದಕ್ಕೇ ಎರಡು ಕೇಸು ಹೇಳ್ತೀನಿ, ಪೂರ್ತಿ ಕೇಳಿ.

ಮೊದಲನೇದು ಇಂಗ್ಲೆಂಡಿಂದು, 1726ರದ್ದು, ಕೀಚ್ ವರ್ಸಸ್ ಸ್ಯಾಂಡ್‌ಫರ್ಡ್ ಅಂತ. ರಾಮ್‌ಫರ್ಡ್ ಅನ್ನೋ ಕಡೆ ಒಂದು ಸಂತೆ ಇತ್ತು, ಆ ಸಂತೆಯ ಆದಾಯ ವಸೂಲಿ ಮಾಡೋ ಲೀಸು ಒಬ್ಬನ ಹತ್ರ ಇತ್ತು. ಅವನು ಸಾಯೋವಾಗ ಆ ಲೀಸನ್ನ ಒಂದು ಸಣ್ಣ ಮಗುವಿಗೋಸ್ಕರ ಅಂತ ಟ್ರಸ್ಟಿ ಒಬ್ಬನ ಕೈಗೆ ಒಪ್ಪಿಸಿ ಹೋದ. ಲೀಸಿನ ಅವಧಿ ಮುಗಿಯೋಕೆ ಬಂತು, ಟ್ರಸ್ಟಿ ಹೋಗಿ ಮಾಲೀಕನ್ನ ಕೇಳ್ದ, ಮಗುವಿನ ಹೆಸರಲ್ಲಿ ಮುಂದುವರಿಸಿ ಅಂತ. ಮಾಲೀಕ ಆಗಲ್ಲ ಅಂದ, ಅದೂ ನ್ಯಾಯವೇ, ಮಗು ಜೊತೆ ಕರಾರು ಮಾಡ್ಕೊಂಡ್ರೆ ನಾಳೆ ಬಾಕಿ ಉಳಿದಾಗ ಯಾರನ್ನ ಹಿಡಿಯೋದು? ಆಗ ಟ್ರಸ್ಟಿ, ಸರಿ ಹಾಗಾದ್ರೆ ನನ್ನ ಹೆಸರಿಗೇ ಕೊಡಿ ಅಂತ ತಾನೇ ತಗೊಂಡ. ಈಗ ನೀವೇ ಜಡ್ಜ್ ಆಗಿ ಯೋಚನೆ ಮಾಡಿ, ಮಗುವಿಗೆ ಏನು ನಷ್ಟ ಆಯ್ತು? ಏನೂ ಇಲ್ಲ, ಮಗುವಿಗೆ ಅದು ಹೇಗೂ ಸಿಗ್ತಾ ಇರಲಿಲ್ಲ. ಟ್ರಸ್ಟಿ ಮೋಸ ಮಾಡಿದ್ನಾ? ಅದೂ ಇಲ್ಲ, ಮೊದಲು ಮಗುವಿಗೋಸ್ಕರವೇ ಕೇಳಿದ್ದ. ಆದ್ರೂ ಲಾರ್ಡ್ ಚಾನ್ಸಲರ್ ಕಿಂಗ್ ಏನಂದ ಅಂದ್ರೆ, ಇದು ಕಠಿಣ ಅನ್ನಿಸಬಹುದು, ಆದ್ರೆ ಇಡೀ ಮನುಷ್ಯ ಕುಲದಲ್ಲಿ ಈ ಲೀಸು ತಗೋಬಾರದವನು ಅಂದ್ರೆ ಈ ಟ್ರಸ್ಟಿ ಒಬ್ಬನೇ. ಲೀಸು ಮಗುವಿಗೆ ವರ್ಗ ಮಾಡು, ಇಲ್ಲಿವರೆಗೂ ಬಂದ ಲಾಭದ ಲೆಕ್ಕ ಒಪ್ಪಿಸು, ಅಂತ ತೀರ್ಪು. ಯಾಕೆ ಇಷ್ಟು ಬಿಗಿ? ಒಂದು ಸಲ ಬಿಟ್ರೆ ಮುಂದೆ ಪ್ರತಿಯೊಬ್ಬ ಟ್ರಸ್ಟಿನೂ ಮಾಲೀಕ ಆಗಲ್ಲ ಅಂದ ಅಂತ ಬಂದು ಹೇಳ್ತಾನೆ, ಅವನು ನಿಜವಾಗಿ ಕೇಳಿದ್ನೋ ಇಲ್ವೋ ಯಾರಿಗೆ ಗೊತ್ತು.

ಎರಡನೇದು ಫ್ರಾನ್ಸಿಂದು, ನಮ್ಮ ಕಾಲಕ್ಕೆ ಹತ್ತಿರದ್ದು. ಒಂದು ಕುಟುಂಬದ ಹಿಡಿತದಲ್ಲಿರೋ ಕಂಪನಿ, ಅದರಲ್ಲಿ ಹೊರಗಿನ ಸಣ್ಣ ಷೇರುದಾರರೂ ಇದ್ರು. ಆ ಕುಟುಂಬದೋರು ತಮ್ಮದೇ ಇನ್ನೊಂದು ಕಂಪನಿ ಮಾಡಿದ್ರು, ಅದರಲ್ಲಿ ಹೊರಗಿನೋರು ಯಾರೂ ಇಲ್ಲ. ಆ ಹೊಸ ಕಂಪನಿ ಜಾಗ ತಗೊಂಡು, ಸಾಲ ಮಾಡಿ ಗೋದಾಮು ಕಟ್ಟಿ, ಅದನ್ನ ಹಳೇ ಕಂಪನಿಗೇ ಬಾಡಿಗೆಗೆ ಕೊಡ್ತು. ಅಂದ್ರೆ ಹಳೇ ಕಂಪನಿ ತಾನೇ ಕಟ್ಕೋಬಹುದಾಗಿದ್ದ ಗೋದಾಮಿಗೆ ತಿಂಗಳು ತಿಂಗಳು ಕುಟುಂಬದ ಜೇಬಿಗೆ ಬಾಡಿಗೆ. ಸಣ್ಣ ಷೇರುದಾರ ಕೋರ್ಟಿಗೆ ಹೋದ, ಸೋತ. ಕೋರ್ಟು ಕೇಳಿದ ಪ್ರಶ್ನೆ, ಇದರಿಂದ ಕಂಪನಿಯ ಹಿತಕ್ಕೆ ಧಕ್ಕೆ ಆಯ್ತಾ ಅನ್ನೋದು. ಗೋದಾಮು ಸಿಕ್ಕಿದ್ರಿಂದ ವ್ಯಾಪಾರ ಬೆಳೆದಿತ್ತಲ್ಲ, ಹಾಗಾಗಿ ಧಕ್ಕೆ ಇಲ್ಲ. ಒಳಗಿರೋರು ಎರಡೂ ಕಡೆ ಕೂತಿದ್ರಲ್ಲ ಅನ್ನೋದು ಅಲ್ಲಿ ಮುಖ್ಯ ಪ್ರಶ್ನೆ ಆಗಲಿಲ್ಲ, ಅದೇ ಕೀಚ್ ಕೇಸಿನಲ್ಲಿ ಅದೊಂದೇ ಪ್ರಶ್ನೆ ಆಗಿತ್ತು. ಫ್ರೆಂಚ್ ಜಡ್ಜ್ ಕೆಟ್ಟೋರು ಅಂತ ನಾನು ಹೇಳ್ತಿಲ್ಲ, ಅವರ ತರ್ಕಕ್ಕೂ ಒಂದು ಬೆಲೆ ಇದೆ, ಎಲ್ಲಾ ವ್ಯವಹಾರದಲ್ಲೂ ಮೋಸ ಹುಡುಕ್ತಾ ಕೂತ್ರೆ ಕಂಪನಿ ನಡೆಸೋದು ಹೇಗೆ.

ಆದ್ರೆ ನೀವು ಹೊರಗಿನೋರು, ನಿಮ್ಮ ಹತ್ರ ಸ್ವಲ್ಪ ದುಡ್ಡಿದೆ, ಮುಖ ನೋಡದೇ ಇರೋ ಜನರ ಕಂಪನಿಗೆ ಅದನ್ನ ಹಾಕಬೇಕು ಅಂದ್ಕೊಳ್ಳಿ. ಕೀಚ್ ಥರದ ಕೋರ್ಟು ಇರೋ ಕಡೆ ಸ್ವಲ್ಪ ಧೈರ್ಯ ಮಾಡ್ತೀರಿ. ಗೋದಾಮು ಕೇಸಿನಂಥ ಕೋರ್ಟು ಇರೋ ಕಡೆ, ಒಂದೋ ಬೆಲೆ ಇಳಿಸಿ ಕೇಳ್ತೀರಿ, ಇಲ್ಲಾ ಬ್ಯಾಂಕಲ್ಲೇ ಇಡ್ತೀನಿ ಅಂತೀರಿ. ಬ್ಯಾಂಕು ದೊಡ್ಡದು, ಕಂಪನಿಯ ಲೆಕ್ಕಪುಸ್ತಕ ತರಿಸಿ ನೋಡುತ್ತೆ, ಬೋರ್ಡಿನಲ್ಲಿ ತನ್ನ ಮನುಷ್ಯನ್ನ ಕೂರಿಸುತ್ತೆ, ಅಡಮಾನ ಇಲ್ಲದೆ ಬಿಡಲ್ಲ. ಕೋರ್ಟು ಮಾಡದ ಕಾವಲು ಕೆಲಸವನ್ನ ಬ್ಯಾಂಕು ಮಾಡುತ್ತೆ. ಅದೂ ಇಲ್ಲದ ಕಡೆ ಮನೆಯೋರು, ನೆಂಟರು, ಜಾತಿಯೋರು, ಅಂದ್ರೆ ಮೋಸ ಮಾಡಿದ್ರೆ ಮದುವೆ ಮುಂಜಿಗೆ ಮುಖ ತೋರಿಸೋಕಾಗಲ್ಲ ಅನ್ನೋ ಅಂಜಿಕೆ ಇರೋರ ನಡುವೆ ಮಾತ್ರ ದುಡ್ಡು ಓಡಾಡುತ್ತೆ. ಷೇರು ಮಾರ್ಕೆಟ್ಟು ದೊಡ್ಡದಿರೋ ದೇಶ, ಬ್ಯಾಂಕು ದೊಡ್ಡದಿರೋ ದೇಶ, ಕುಟುಂಬಗಳೇ ಎಲ್ಲಾ ಹಿಡಿದಿರೋ ದೇಶ ಅಂತ ಭಾಗ ಮಾಡ್ತೀವಲ್ಲ, ಅದರ ಹಿಂದೆ ಈ ಅಂಜಿಕೆಯ ಲೆಕ್ಕ ಇದೆ ಅನ್ನೋದು ನನ್ನ ಓದು.

ಇದನ್ನ ಅಂಕಿಗೆ ಇಳಿಸಿದ್ದು ನಾಲ್ಕು ಜನ ಅರ್ಥಶಾಸ್ತ್ರಜ್ಞರು, ಲಾ ಪೋರ್ಟಾ, ಲೋಪೆಜ್ ದೆ ಸಿಲಾನೆಸ್, ಶ್ಲೈಫರ್, ವಿಶ್ನಿ. 1998ರಲ್ಲಿ ಅವರ ಪ್ರಬಂಧ ಬಂತು, 49 ದೇಶಗಳ ಕಾನೂನು ತಗೊಂಡು ಅಂಕ ಕೊಟ್ಟಿದ್ರು. ಸಣ್ಣ ಷೇರುದಾರನಿಗೆ ಏನೇನು ಹಕ್ಕಿದೆ ಅಂತ ಆರು ಪ್ರಶ್ನೆ, ಆರು ಅಂಕ. ಪ್ರಶ್ನೆಗಳು ನೋಡೋಕೆ ಚಿಲ್ಲರೆ ಅನ್ನಿಸುತ್ತೆ. ಉದಾಹರಣೆಗೆ, ಪೋಸ್ಟಲ್ಲಿ ವೋಟು ಹಾಕಬಹುದಾ? ವಾರ್ಷಿಕ ಸಭೆಗೆ ಮುಂಚೆ ನಿಮ್ಮ ಷೇರುಗಳನ್ನ ಒಂದು ಕಡೆ ಡೆಪಾಸಿಟ್ ಇಡಬೇಕಾ? ಇಡಬೇಕು ಅಂದ್ರೆ ಆ ದಿನಗಳಲ್ಲಿ ಮಾರೋಕಾಗಲ್ಲ, ಯಾರು ತಾನೇ ಬರ್ತಾರೆ ಸಭೆಗೆ! ಫಲಿತಾಂಶ ಏನು ಅಂದ್ರೆ ಕಾಮನ್ ಲಾ ದೇಶಗಳಿಗೆ ಸರಾಸರಿ 4 ಅಂಕ, ಫ್ರೆಂಚ್ ಕಾನೂನಿನ ಮೂಲದ ದೇಶಗಳಿಗೆ ಎರಡು ಚಿಲ್ಲರೆ. ಆದ್ರೆ ಇರೋ ಕಾನೂನನ್ನ ಸರಿಯಾಗಿ ಜಾರಿ ಮಾಡೋದ್ರಲ್ಲಿ ಮುಂದೆ ಇದ್ದದ್ದು ಜರ್ಮನ್ ಮೂಲದ ಮತ್ತು ಸ್ಕ್ಯಾಂಡಿನೇವಿಯಾದ ದೇಶಗಳು, ಇದನ್ನ ಜನ ಮರೀತಾರೆ.

ಸಭೆ ಅಂದಾಗ ಜಪಾನಿನ ಕಥೆ ಹೇಳದೇ ಇರೋಕಾಗಲ್ಲ. ಅಲ್ಲಿ ಬಹಳ ವರ್ಷ ಕಂಪನಿಗಳಲ್ಲಿ ಬಹುಪಾಲು ಜೂನ್ ತಿಂಗಳ ಕೊನೆಯಲ್ಲಿ ಒಂದೇ ದಿನ ವಾರ್ಷಿಕ ಸಭೆ ಇಟ್ಕೋತಿದ್ವು. ಹತ್ತು ಕಂಪನೀಲಿ ಷೇರಿದ್ರೆ ನೀವು ಒಂದಕ್ಕೆ ಹೋಗಬಹುದು, ಒಂಬತ್ತು ತಪ್ಪುತ್ತೆ. ಇದಕ್ಕೊಂದು ಕಾರಣವೂ ಇತ್ತು, ಸೊಕೈಯಾ ಅಂತ ಒಂದು ಗುಂಪು, ನಾಲ್ಕು ಷೇರು ತಗೊಂಡು ಸಭೆಗೆ ಬಂದು ಗಲಾಟೆ ಎಬ್ಬಿಸ್ತೀವಿ, ನಿಮ್ಮ ಗುಟ್ಟು ಬಯಲು ಮಾಡ್ತೀವಿ ಅಂತ ಹೆದರಿಸಿ ಕಂಪನಿಗಳಿಂದ ದುಡ್ಡು ಕೀಳೋರು. ಎಲ್ಲಾ ಸಭೆ ಒಂದೇ ದಿನ ಇಟ್ರೆ ಅವರೂ ಎಷ್ಟು ಕಡೆ ಹೋದಾರು? ಅವರಿಗೆ ಕಾಸು ಕೊಡೋದನ್ನ 1981ರ ತಿದ್ದುಪಡಿಯಲ್ಲಿ ನಿಷೇಧ ಮಾಡಿದ್ರು, ಆಮೇಲೂ ಅದು ಬೇಗ ಹೋಗಲಿಲ್ಲ. ಅಂತೂ ರೌಡಿಗಳಿಗೆ ಹಾಕಿದ ಬೇಲಿಗೆ ಸಣ್ಣ ಷೇರುದಾರನೂ ಸಿಕ್ಕಿಬಿದ್ದ.

ಇಂಗ್ಲೆಂಡಿಗೆ ಮತ್ತು ಫ್ರಾನ್ಸಿಗೆ ಯಾಕೆ ಈ ವ್ಯತ್ಯಾಸ ಅಂದ್ರೆ, ಸಾಮಾನ್ಯವಾಗಿ ಕೊಡೋ ಉತ್ತರ ರಾಜನಿಗೂ ಜಡ್ಜಿಗೂ ಇದ್ದ ಸಂಬಂಧ. ಇಂಗ್ಲೆಂಡಿನಲ್ಲಿ 1688ರ ಕ್ರಾಂತಿ ಆದ ಮೇಲೆ ರಾಜನ ಕೈ ಕಟ್ಟಿದ್ರು, 1701ರ ಕಾಯ್ದೆಯಿಂದ ರಾಜನಿಗೆ ಮನಸ್ಸು ಬಂದ ಹಾಗೆ ಜಡ್ಜನ್ನ ಕಿತ್ತುಹಾಕೋಕೆ ಆಗದ ಹಾಗೆ ಆಯ್ತು. ನಡುವೆ 1694ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಹುಟ್ತು, ಸರ್ಕಾರಕ್ಕೆ ಸಾಲ ಕೊಡೋಕೆ ಜನ ಕ್ಯೂ ನಿಂತ್ರು. ಫ್ರಾನ್ಸಿನಲ್ಲಿ ಉಲ್ಟಾ, ಅಲ್ಲಿ ಕ್ರಾಂತಿಗೆ ಮುಂಚೆ ಜಡ್ಜ್ ಹುದ್ದೆಯನ್ನೇ ದುಡ್ಡು ಕೊಟ್ಟು ಕೊಳ್ಳೋರು, ಹಾಗಾಗಿ ಕ್ರಾಂತಿ ಮಾಡಿದೋರಿಗೆ ಜಡ್ಜುಗಳ ಮೇಲೆ ನಂಬಿಕೆ ಇರಲಿಲ್ಲ. ಜಡ್ಜ್ ತೀರ್ಪು ಕೊಡಬೇಕೇ ಹೊರತು ಎಲ್ಲರಿಗೂ ಅನ್ವಯಿಸೋ ನಿಯಮ ಮಾಡಬಾರದು ಅಂತ ಸಿವಿಲ್ ಕೋಡಿನ 5ನೇ ಕಲಮಿನಲ್ಲೇ ಬರೆದರು. ಆಮೇಲೆ ಈ ಎರಡೂ ಕಾನೂನು ಹಡಗು ಹತ್ತಿ, ಸೈನ್ಯದ ಹಿಂದೆ ನಡೆದು ಪ್ರಪಂಚ ಸುತ್ತಿದ್ವು. ಆಳಿಸ್ಕೊಂಡೋರನ್ನ ಯಾವ ಕಾನೂನು ಬೇಕು ಅಂತ ಯಾರೂ ಕೇಳಲಿಲ್ಲ.

ಇಲ್ಲಿವರೆಗೂ ಕಥೆ ಚೆನ್ನಾಗಿದೆ ಅಲ್ವಾ, ನನಗೂ ಮೊದಲು ಓದಿದಾಗ ಎಲ್ಲಾ ಅರ್ಥ ಆಗಿಹೋಯ್ತು ಅನ್ನಿಸಿತ್ತು. ಆಮೇಲೆ ಒಂದು ಅಂಕಿ ಕಣ್ಣಿಗೆ ಬಿತ್ತು. ರಾಜನ್ ಮತ್ತು ಝಿಂಗಾಲೆಸ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು 20ನೇ ಶತಮಾನದ ಲೆಕ್ಕ ತೆಗೆದಿದ್ರು. 1913ರಲ್ಲಿ ಫ್ರಾನ್ಸಿನ ಷೇರು ಮಾರ್ಕೆಟ್ಟಿನ ಒಟ್ಟು ಮೌಲ್ಯ ದೇಶದ ಉತ್ಪನ್ನದ 78 ಶೇಕಡಾ, ಅಮೆರಿಕದ್ದು 39 ಶೇಕಡಾ. ಹೌದು, ಫ್ರಾನ್ಸಿಂದು ಎರಡರಷ್ಟು! 1980ಕ್ಕೆ ಬಂದ್ರೆ ಫ್ರಾನ್ಸ್ 9 ಶೇಕಡಾ, ಅಮೆರಿಕ 46. 1999ಕ್ಕೆ ಫ್ರಾನ್ಸ್ ಮತ್ತೆ ಎದ್ದು 117. ನೆಪೋಲಿಯನ್ನಿನ ಕೋಡು 1804ರಿಂದ ಅಲ್ಲೇ ಇದೆ ಸ್ವಾಮಿ, ಮಾರ್ಕೆಟ್ಟು ಮಾತ್ರ ಉಯ್ಯಾಲೆ ಆಡಿದೆ. ಕಾನೂನಿನ ಮನೆತನವೇ ಎಲ್ಲಕ್ಕೂ ಕಾರಣ ಆಗಿದ್ರೆ ಇದು ಆಗಬಾರದಿತ್ತು. ನಡುವೆ ಎರಡು ಮಹಾಯುದ್ಧ, ಉಳಿತಾಯವನ್ನೆಲ್ಲ ತಿಂದುಹಾಕಿದ ಹಣದುಬ್ಬರ, 1945ರ ನಂತರ ದೊಡ್ಡ ಬ್ಯಾಂಕುಗಳ ರಾಷ್ಟ್ರೀಕರಣ, ಹೊಸಬರು ಬರೋದು ಬೇಡ ಅನ್ನೋ ಹಳೇ ಉದ್ಯಮಿಗಳ ಒತ್ತಡ, ಇವೆಲ್ಲ ಬಂದು ಹೋದವು.

ಇನ್ನೂ ಹಿಂದೆ ಹೋದ್ರೆ ಮತ್ತೂ ಮುಜುಗರ. ಜನಸಾಮಾನ್ಯರು ಷೇರು ಕೊಂಡು ಮಾರಿದ ಮೊದಲ ದೊಡ್ಡ ಮಾರ್ಕೆಟ್ಟು ಆಮ್‌ಸ್ಟರ್‌ಡ್ಯಾಮಿನದ್ದು, 1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಷೇರುಗಳದ್ದು. ಡಚ್ಚರದ್ದು ರೋಮನ್ ಮೂಲದ ಕಾನೂನು, ಕಾಮನ್ ಲಾ ಅಲ್ಲ. ಅಲ್ಲಿ ಷೇರುದಾರನಿಗೆ ರಕ್ಷಣೆ ಇತ್ತಾ ಅಂದ್ರೆ ಹೇಳಿಕೊಳ್ಳೋ ಹಾಗೇನೂ ಇರಲಿಲ್ಲ. ಹತ್ತು ವರ್ಷಕ್ಕೆ ಲೆಕ್ಕ ಕೊಟ್ಟು ಬಂಡವಾಳ ವಾಪಸ್ ತಗೊಳ್ಳೋ ಅವಕಾಶ ಕೊಡ್ತೀವಿ ಅಂದಿದ್ರು, 1612 ಬಂತು, ಕೊಡಲಿಲ್ಲ. 1622ರ ಹೊತ್ತಿಗೆ ರೊಚ್ಚಿಗೆದ್ದ ಷೇರುದಾರರು ಡೈರೆಕ್ಟರುಗಳ ಮೇಲೆ ಕರಪತ್ರ ಅಚ್ಚು ಹಾಕಿಸಿ ಹಂಚಿದ್ರು, ಲೆಕ್ಕ ತೋರಿಸಿ ಅಂತ. ಬಂಡವಾಳ ವಾಪಸ್ ಸಿಗಲ್ಲ ಅಂತ ಗೊತ್ತಾದ ಮೇಲೆ ಉಳಿದ ದಾರಿ ಒಂದೇ, ಷೇರನ್ನ ಇನ್ನೊಬ್ಬನಿಗೆ ಮಾರೋದು. ಅಂದ್ರೆ ಮಾತು ತಪ್ಪಿದ್ದೇ ಮಾರ್ಕೆಟ್ಟನ್ನ ಬೆಳೆಸಿತು. ಈ ಕಥೆ ನನಗೆ ಯಾವಾಗಲೂ ಖುಷಿ ಕೊಡುತ್ತೆ, ಯಾವ ಥಿಯರಿಗೂ ಸರಿಯಾಗಿ ಹೊಂದಲ್ಲ ಅದು.

ಆಮೇಲೆ ಆ ಅಂಕಗಳ ಬಗ್ಗೆಯೂ ತಕರಾರು ಬಂತು. ಹೋಲ್ಗರ್ ಸ್ಪಾಮನ್ ಅನ್ನೋ ಕಾನೂನು ವಿದ್ವಾಂಸರು ಒಂದೊಂದು ದೇಶದ ಕಾನೂನನ್ನೂ ಮತ್ತೆ ಓದಿಸಿ ಅಂಕ ತಿದ್ದಿದ್ರು, ಬಹಳಷ್ಟು ದೇಶಗಳ ಅಂಕ ಬದಲಾಯ್ತು, ಕಾಮನ್ ಲಾ ಮುಂದಿದೆ ಅನ್ನೋ ಫಲಿತಾಂಶವೇ ಆ ಅಳತೆಯಲ್ಲಿ ನಿಲ್ಲಲಿಲ್ಲ. ಮೂಲ ಲೇಖಕರು ಬೇರೆ ಅಳತೆ ತಂದು ವಾದ ಮುಂದುವರಿಸಿದ್ರು, ಅದಿನ್ನೂ ನಡೀತಾನೇ ಇದೆ. ಮನೆತನದ ಹೆಸರುಗಳೂ ಅಷ್ಟು ಗಟ್ಟಿಯಲ್ಲ. ಕೋಡು ಬರೆಯೋದು ಸಿವಿಲ್ ಲಾ ಲಕ್ಷಣ ಅಂದೆ ತಾನೇ, ಆದ್ರೆ ಬ್ರಿಟಿಷರು ಭಾರತಕ್ಕೆ 1872ರಲ್ಲೇ ಕರಾರು ಕಾಯ್ದೆ ಬರೆದು ಕೊಟ್ರು, ತಮ್ಮ ಇಂಗ್ಲೆಂಡಿನಲ್ಲಿ ಅಂಥದ್ದು ಬರೆಯಲೇ ಇಲ್ಲ.

ಇನ್ನೊಂದು ವಿಷಯ, ಈ ಚರ್ಚೆ ಎಲ್ಲಾ ಷೇರಿನ ಸುತ್ತಲೇ ಸುತ್ತುತ್ತೆ, ಸಾಲದ ಕಡೆ ನೋಡಿದ್ರೆ ಚಿತ್ರ ಬೇರೆ. ಏಳು ವರ್ಷದ ಯುದ್ಧ ಮುಗಿದಾಗ ಪ್ರಷ್ಯಾ ಅನ್ನೋ ಹಳೇ ಜರ್ಮನ್ ರಾಜ್ಯದ ಸೈಲೀಷಿಯಾ ಪ್ರಾಂತ್ಯದಲ್ಲಿ ಜಮೀನ್ದಾರರೆಲ್ಲ ನೆಲ ಕಚ್ಚಿದ್ರು, ಜಮೀನಿದೆ, ದುಡ್ಡಿಲ್ಲ. ಒಬ್ಬೊಬ್ಬನ ಜಮೀನು ನಂಬಿ ಯಾರೂ ಸಾಲ ಕೊಡ್ತಿರಲಿಲ್ಲ. 1769ರಲ್ಲಿ ರಾಜ ಫ್ರೆಡ್ರಿಕ್ ಒಂದು ಏರ್ಪಾಡು ಮಾಡ್ದ. ಜಮೀನ್ದಾರರೆಲ್ಲ ಒಂದು ಸಂಘ, ಸಾಲಪತ್ರಕ್ಕೆ ಜಮೀನು ಅಡಮಾನ, ಮೇಲಿಂದ ಸಂಘದ ಜವಾಬ್ದಾರಿ. ಫಾಂಡ್‌ಬ್ರೀಫ್ ಅಂತಾರೆ ಅದನ್ನ, ಇವತ್ತಿಗೂ ಜರ್ಮನ್ ಬ್ಯಾಂಕುಗಳು ಅದೇ ಹೆಸರಲ್ಲಿ ಬಾಂಡ್ ಮಾರ್ತಾವೆ. ಡೆನ್ಮಾರ್ಕಿನಲ್ಲಿ 1795ರಲ್ಲಿ ಕೋಪನ್‌ಹೇಗನ್ ಊರಿಗೆ ಬೆಂಕಿ ಬಿತ್ತು, ಮನೆ ಮತ್ತೆ ಕಟ್ಟೋಕೆ ಸಾಲ ಬೇಕು, 1797ರಲ್ಲಿ ಮನೆ ಅಡಮಾನದ ಮೇಲೆ ಬಾಂಡ್ ಹೊರಡಿಸೋ ಮೊದಲ ಸಂಸ್ಥೆ ಬಂತು. ಅಲ್ಲಿನ ಅಡಮಾನ ಬಾಂಡ್ ಮಾರ್ಕೆಟ್ಟು ದೇಶದ ಗಾತ್ರಕ್ಕೆ ಹೋಲಿಸಿದ್ರೆ ಇವತ್ತು ಪ್ರಪಂಚದಲ್ಲೇ ದೊಡ್ಡವುಗಳಲ್ಲಿ ಒಂದು. ಎರಡೂ ಕಡೆ ಕಾಮನ್ ಲಾ ಇಲ್ಲ. ಇದ್ದದ್ದು ಏನಪ್ಪಾ ಅಂದ್ರೆ, ಈ ಜಮೀನು ಯಾರದ್ದು, ಇದರ ಮೇಲೆ ಎಷ್ಟು ಸಾಲ ಇದೆ, ಮೊದಲ ಹಕ್ಕು ಯಾರದ್ದು ಅಂತ ನಂಬಿಕೆಯಿಂದ ಹೇಳೋ ದಾಖಲೆ, ಮತ್ತೆ ಕಟ್ಟದೇ ಇದ್ರೆ ಮನೆ ಹೋಗುತ್ತೆ ಅನ್ನೋ ಖಾತ್ರಿ. ದೊಡ್ಡ ಜಡ್ಜಿನ ಜಾಣತನ ಬೇಕಿಲ್ಲ ಇದಕ್ಕೆ, ಗುಮಾಸ್ತ ಪುಸ್ತಕ ಸರಿಯಾಗಿ ಬರೆದಿಟ್ರೆ ಸಾಕು.

ಒಂದೇ ಮನೆತನದ ಎರಡು ದೇಶ ಬೇರೆ ದಾರಿ ಹಿಡಿದ ಉದಾಹರಣೆ ಬೇಕು ಅಂದ್ರೆ ಪೋಲೆಂಡ್ ಮತ್ತು ಜೆಕ್ ನೋಡಿ. ಕಮ್ಯುನಿಸ್ಟ್ ಸರ್ಕಾರ ಬಿದ್ದ ಮೇಲೆ ಇಬ್ಬರೂ ಷೇರು ಮಾರ್ಕೆಟ್ಟು ತೆರೆದ್ರು. ವಾರ್ಸಾದ ಮಾರ್ಕೆಟ್ಟು 1991ರ ಏಪ್ರಿಲ್ 16ಕ್ಕೆ ಶುರುವಾಯ್ತು, ಎಲ್ಲಿ ಗೊತ್ತಾ, ಹಳೇ ಕಮ್ಯುನಿಸ್ಟ್ ಪಕ್ಷದ ಕೇಂದ್ರ ಕಚೇರಿ ಕಟ್ಟಡದಲ್ಲಿ! ಮೊದಲ ದಿನ ಇದ್ದದ್ದು ಐದೇ ಕಂಪನಿ. ಆದ್ರೆ ಜೊತೆಗೇ ಒಂದು ಕಟ್ಟುನಿಟ್ಟಿನ ಆಯೋಗ ಇತ್ತು, ಲೆಕ್ಕ ಬಯಲಿಗಿಡಿ, ಬ್ರೋಕರ್ ಲೈಸೆನ್ಸ್ ತಗೊಳ್ಳಿ, ತಪ್ಪಿದ್ರೆ ದಂಡ ಅಂತ ಹಿಂದೆ ಬೀಳೋದು. ಜೆಕ್ಕಿನೋರು ಜನಕ್ಕೆಲ್ಲ ಷೇರಿಗೆ ಬದಲಾಯಿಸ್ಕೊಳ್ಳೋ ಕೂಪನ್ ಹಂಚಿ ಸಾವಿರಕ್ಕೂ ಹೆಚ್ಚು ಕಂಪನಿಗಳನ್ನ ಒಂದೇ ಏಟಿಗೆ ಮಾರ್ಕೆಟ್ಟಿಗೆ ತಂದ್ರು, ಕಾವಲಿಗೆ ಯಾರನ್ನೂ ಇಡಲಿಲ್ಲ, ಮಾರ್ಕೆಟ್ಟೇ ನೋಡ್ಕೊಳ್ಳುತ್ತೆ ಅಂದ್ರು. ಕಂಪನಿ ಹಿಡಿದೋರು ಒಳಗಿಂದಲೇ ಆಸ್ತಿಯನ್ನ ತಮ್ಮ ಬೇರೆ ಕಂಪನಿಗಳಿಗೆ ಸಾಗಿಸಿದ್ರು, ಜನ ಅದಕ್ಕೆ ಸುರಂಗ ಕೊರೆಯೋದು ಅಂತ ಹೆಸರಿಟ್ರು. ಇವತ್ತು ಇಂಗ್ಲಿಷಿನಲ್ಲಿ ಹಣಕಾಸು ಓದೋರು ಟನೆಲಿಂಗ್ ಅಂತಾರಲ್ಲ, ಆ ಪದ ಅಲ್ಲಿಂದ ಬಂದದ್ದು. ಜೆಕ್ಕಿನಲ್ಲಿ ಆಯೋಗ ಬಂದದ್ದು 1998ರಲ್ಲಿ, ಅಷ್ಟೊತ್ತಿಗೆ ನೂರಾರು ಕಂಪನಿ ಮಾರ್ಕೆಟ್ಟಿನಿಂದ ಹೊರಗೆ ಹೋಗಿದ್ವು. ಕೋರ್ಟುಗಳು ಎರಡೂ ಕಡೆ ಹೆಚ್ಚುಕಡಿಮೆ ಅಷ್ಟಕ್ಕಷ್ಟೇ. ಕೋರ್ಟಿನ ಬಾಗಿಲು ಬೇಗ ತೆಗೆಯಲ್ಲ ಅಂತ ಗೊತ್ತಿದ್ದೇ ಪೋಲೆಂಡಿನೋರು ಪಕ್ಕದಲ್ಲಿ ಇನ್ನೊಂದು ಬಾಗಿಲು ಮಾಡಿದ್ರು.

ಇಸ್ಲಾಮಿಕ್ ಕಾನೂನಿನ ಬಗ್ಗೆ ಒಂದು ಮಾತು, ಇದನ್ನ ತಿಮೂರ್ ಕುರಾನ್ ಅನ್ನೋ ಅರ್ಥಶಾಸ್ತ್ರಜ್ಞರು ಬಹಳ ಬಿಡಿಸಿ ಹೇಳಿದ್ದಾರೆ. ಸಾಮಾನ್ಯವಾಗಿ ಬಡ್ಡಿ ನಿಷೇಧ ಇದ್ದದ್ದಕ್ಕೇ ಅಲ್ಲಿ ಬ್ಯಾಂಕು ಬೆಳೀಲಿಲ್ಲ ಅಂತಾರೆ. ತಿಮೂರ್ ಕುರಾನ್ ಅವರು ಹೇಳೋದು ಹಾಗಲ್ಲ, ಬಡ್ಡಿಗೆ ಸುತ್ತುದಾರಿ ವ್ಯಾಪಾರಿಗಳಿಗೆ ಯಾವತ್ತೋ ಗೊತ್ತಿತ್ತು, ತೊಡಕು ಬೇರೆ ಕಡೆ ಇತ್ತು ಅಂತ. ಅಲ್ಲಿನ ವ್ಯಾಪಾರದ ಪಾಲುದಾರಿಕೆ ಒಬ್ಬ ಪಾಲುದಾರ ಸತ್ರೆ ಅಲ್ಲಿಗೇ ಮುಗೀತು. ವಾರಸು ಕಾನೂನು ಬಹಳ ನ್ಯಾಯವಾದದ್ದು, ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಂದೆತಾಯಿ ಎಲ್ಲರಿಗೂ ಪಾಲು ಗೊತ್ತು ಮಾಡಿತ್ತು. ಈಗ ಹತ್ತು ಜನ ಸೇರಿ ವ್ಯಾಪಾರ ಮಾಡಿದ್ರಿ, ಒಬ್ಬ ಸತ್ತ, ಅವನಿಗೆ ಎಂಟು ಜನ ವಾರಸುದಾರರು, ಎಲ್ಲರೂ ಪಾಲು ಕೊಡಿ ಅಂತ ಬಂದು ಕೂತ್ರೆ ವ್ಯಾಪಾರ ಚೂರು ಚೂರು. ಅದಕ್ಕೇ ಜನ ಇಬ್ಬರು ಮೂವರೇ ಸೇರಿ, ಒಂದು ಪ್ರಯಾಣದ ಮಟ್ಟಿಗೆ ಪಾಲುದಾರಿಕೆ ಮಾಡ್ಕೊಂಡು ಮುಗಿಸಿಬಿಡೋರು. ಹೆಣ್ಣುಮಕ್ಕಳಿಗೂ ಪಾಲು ಕೊಟ್ಟ ಒಳ್ಳೇ ನಿಯಮ, ಹಣಕಾಸಿನ ಕಡೆ ಯಾರೂ ಎಣಿಸದ ಹೊಡೆತ ಕೊಟ್ಟಿತು.

ಕಾನೂನು ಸರಿಯಿಲ್ಲದ ಕಡೆ ಜನ ಕೈ ಕಟ್ಟಿ ಕೂರಬೇಕು ಅಂತೇನಿಲ್ಲ. ಬ್ರೆಜಿಲ್ಲಿನಲ್ಲಿ 1997ರಲ್ಲಿ ಸರ್ಕಾರ ತನ್ನ ಕಂಪನಿಗಳನ್ನ ಒಳ್ಳೇ ಬೆಲೆಗೆ ಮಾರೋಕೆ ಅಂತ ಸಣ್ಣ ಷೇರುದಾರರ ಒಂದು ಹಕ್ಕನ್ನೇ ಕಾನೂನಿನಿಂದ ತೆಗೆದುಹಾಕ್ತು. ಕಂಪನಿ ಕೈ ಬದಲಾದಾಗ ದೊಡ್ಡೋನಿಗೆ ಕೊಟ್ಟ ಬೆಲೆಯಲ್ಲೇ ಸಣ್ಣೋನ ಷೇರನ್ನೂ ಕೊಳ್ಳಬೇಕು ಅನ್ನೋ ಹಕ್ಕು ಅದು. 2001ರಲ್ಲಿ 80 ಶೇಕಡಾ ಮಟ್ಟಿಗೆ ವಾಪಸ್ ತಂದ್ರು, ವೋಟು ಇರೋ ಷೇರಿಗೆ ಮಾತ್ರ. ಕಾನೂನು ಹೀಗೆ ರಾಜಕೀಯದ ಹಿಂದೆ ಓಡೋವಾಗ, ಸಾವೊ ಪೌಲೊದ ಷೇರು ವಿನಿಮಯ ಕೇಂದ್ರ 2000ದಲ್ಲಿ ನೊವೊ ಮೆರ್ಕಾಡೊ ಅಂತ ಬೇರೆ ಒಂದು ವಿಭಾಗ ತೆರೀತು. ಇಲ್ಲಿಗೆ ಬರೋ ಕಂಪನಿ ಕರಾರಿಗೆ ಸಹಿ ಹಾಕಬೇಕು, ಪ್ರತಿ ಷೇರಿಗೂ ವೋಟು ಇರಬೇಕು, ಸಣ್ಣೋರಿಗೂ ಪೂರ್ತಿ ಬೆಲೆ, ಜಗಳ ಬಂದ್ರೆ ಕೋರ್ಟಿಗಲ್ಲ, ಮಧ್ಯಸ್ಥಿಕೆಗೆ. ಮೊದಲ ಕಂಪನಿ ಬರೋಕೆ 2002 ಆಯ್ತು. 2004ರ ನಂತರ ಸಾಲುಗಟ್ಟಿ ಬಂದ್ರು.

ಇನ್ನು ಕೆಲವರು ಕಾನೂನನ್ನೇ ಹೊರಗಿಂದ ತರಿಸ್ಕೊಂಡಿದ್ದಾರೆ. ಕಝಾಕಸ್ತಾನ ಸಂವಿಧಾನ ತಿದ್ದಿ, 2018ರಿಂದ ಅಸ್ತಾನಾದ ಹಣಕಾಸು ಕೇಂದ್ರದಲ್ಲಿ ಬೇರೆ ಕೋರ್ಟು ಇಟ್ಟಿದೆ. ಅಲ್ಲಿ ನಡೆಯೋದು ಇಂಗ್ಲಿಷ್ ಮಾದರಿಯ ಕಾನೂನು, ಇಂಗ್ಲಿಷ್ ಭಾಷೆ, ಮೊದಲ ಮುಖ್ಯ ನ್ಯಾಯಾಧೀಶ ಇಂಗ್ಲೆಂಡಿನ ಲಾರ್ಡ್ ವೂಲ್ಫ್. ದುಬೈ ಈ ಕೆಲಸವನ್ನ 2004ರಲ್ಲೇ ಶುರು ಮಾಡಿತ್ತು. ದೇಶದ ಉಳಿದ ಭಾಗಕ್ಕೆಲ್ಲ ಒಂದು ಕಾನೂನು, ವಿದೇಶಿ ದುಡ್ಡು ಬಂದು ಇಳಿಯೋ ಜಾಗಕ್ಕೆ ಇನ್ನೊಂದು. ಇದರ ಬಗ್ಗೆ ನನಗೆ ಒಂದು ಕಸಿವಿಸಿ ಇದ್ದೇ ಇದೆ, ಅತಿಥಿಗೆ ಬೆಳ್ಳಿ ತಟ್ಟೆ, ಮನೆಯೋರಿಗೆ ಹರಿದ ಎಲೆ ಅನ್ನೋ ಹಾಗೆ.

ಕೊನೆಯಲ್ಲಿ ಸಭಿಕರೊಬ್ಬರು ಒಂದು ಪ್ರಶ್ನೆ ಕೇಳಿದ್ರು, ನೀವು ಬೆಳಗಿಂದ ದುಡ್ಡು ಕೊಟ್ಟೋನ ಪರವಾಗಿಯೇ ಮಾತಾಡಿದ್ರಿ, ತಗೊಂಡೋನ ಗತಿ ಏನು ಅಂತ. ಸರಿಯಾದ ಪ್ರಶ್ನೆ, ಅದಕ್ಕೆ ಒಂದು ಹಡಗಿನ ಕಥೆ ಹೇಳ್ತೀನಿ. ಅರ್ಜೆಂಟೀನಾ 2001ರ ಕೊನೆಗೆ ಸಾಲ ಕಟ್ಟೋಕಾಗಲ್ಲ ಅಂತು. ಅದರ ಬಾಂಡುಗಳಲ್ಲಿ ಬಹಳಷ್ಟು ನ್ಯೂಯಾರ್ಕ್ ಕಾನೂನಿನ ಪ್ರಕಾರ ಬರೆದದ್ದು. ಹೆಚ್ಚಿನ ಜನ ಬಂದಷ್ಟು ಬರಲಿ ಅಂತ ಕಡಿಮೆಗೆ ಒಪ್ಪಿದ್ರು. ಕೆಲವು ಹೂಡಿಕೆ ಫಂಡುಗಳು ಕಸದ ಬೆಲೆಗೆ ಬಾಂಡ್ ಕೊಂಡು, ಪೂರ್ತಿ ಕೊಡಿ ಅಂತ ಪಟ್ಟು ಹಿಡಿದ್ವು. ಅದರಲ್ಲಿ ಒಂದು 2012ರ ಅಕ್ಟೋಬರಿನಲ್ಲಿ ಘಾನಾದ ತೇಮಾ ಬಂದರಿನಲ್ಲಿ ನಿಂತಿದ್ದ ಅರ್ಜೆಂಟೀನಾ ನೌಕಾಪಡೆಯ ಹಾಯಿಹಡಗು ಲಿಬರ್ತಾದ್ ಅನ್ನೇ ಜಪ್ತಿ ಮಾಡಿಸ್ತು. ಅದು ನೌಕಾಪಡೆಗೆ ಹೊಸದಾಗಿ ಸೇರಿದ ಹುಡುಗರಿಗೆ ತರಬೇತಿ ಕೊಡೋ ಹಡಗು. ಘಾನಾದ ಜಡ್ಜ್ ನೋಡಿದ್ದು ಹಳೇ ಬಾಂಡಿನ ದಸ್ತಾವೇಜು. ಸಾಲಕ್ಕಾಗಿ ಕೋರ್ಟಿಗೆ ಎಳೆದ್ರೆ ನಾವು ಸಾರ್ವಭೌಮ ದೇಶ ಅನ್ನೋ ರಕ್ಷಣೆ ಕೇಳಲ್ಲ ಅಂತ ಅರ್ಜೆಂಟೀನಾ ಅದರಲ್ಲಿ ಸಹಿ ಹಾಕಿತ್ತು. ಡಿಸೆಂಬರಿನಲ್ಲಿ ಹ್ಯಾಂಬರ್ಗಿನ ಸಮುದ್ರ ಕಾನೂನಿನ ಅಂತರರಾಷ್ಟ್ರೀಯ ನ್ಯಾಯಮಂಡಳಿ, ಅದು ಯುದ್ಧನೌಕೆ, ಬಿಟ್ಟುಬಿಡಿ ಅಂದಿತು. ಆದ್ರೆ ನ್ಯೂಯಾರ್ಕಿನಲ್ಲಿ ಅರ್ಜೆಂಟೀನಾ ಸೋತಿತ್ತು. 2016ರಲ್ಲಿ ಆ ಫಂಡಿಗೆ 200 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಕೈ ತೊಳ್ಕೊಂಡಿತು, ಆ ದುಡ್ಡು ಬಂದದ್ದು ಮತ್ತೆ ಹೊಸ ಬಾಂಡ್ ಮಾರಿ. ಜಪ್ತಿಯಾಗಿದ್ದ ಆ ಎರಡೂವರೆ ತಿಂಗಳು ಹಡಗು ತೇಮಾದಲ್ಲೇ ನಿಂತಿತ್ತು, ಹುಡುಗರಲ್ಲಿ ಬಹುಪಾಲು ಜನರನ್ನ ವಿಮಾನದಲ್ಲಿ ಊರಿಗೆ ಕಳಿಸಿದ್ರು, ಹಡಗು ನೋಡ್ಕೊಳ್ಳೋಕೆ ಬೇಕಾದಷ್ಟು ಜನ ಮಾತ್ರ ಉಳ್ಕೊಂಡ್ರು.